ಹಳ್ಳದ ಈ ದಂಡೆಯ ಮಗ

ಕಾಯಿದೆ ಓದಿ, ಸನದು ತೆಗೆದುಕೊಂಡು ನಾನು ಪುಣೆಯಲ್ಲಿ ವಕೀಲಿ ಶುರು ಮಾಡಿದ್ದು ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳಲ್ಲಿ. ಮೊದಲ ವರ್ಷ ನನ್ನ ಹತ್ತಿರ ಇಬ್ಬರು ಕಕ್ಷಿದಾರರು ಬಂದರು. ಅವರಲ್ಲಿ ಒಬ್ಬರು ಪಕ್ಕದ ವಾಡೆಯ ವಕೀಲರ ಮನೆ ಯಾವುದೆಂದು ಕೇಳಲಿಕ್ಕೆ ಬಂದಿದ್ದರು. ಇನ್ನೊಬ್ಬರು ಒಳಗೆ ಬಂದು ಕೂತು, ನೀರು ಕುಡಿದು, ವಕೀಲರು ಯಾವಾಗ ಬರುತ್ತಾರೆ ಎಂದು ವಿಚಾರಿಸಿದರು. ನಾನೇ ವಕೀಲಳು ಎಂದೆ. ಅವರು ಇನ್ನೊಂದು ಲೋಟ ನೀರು ಕುಡಿದು ಎದ್ದು ಹೋದರು.

ಎರಡನೆಯ ವರ್ಷ, ನಾನು ಓದಿದ ಕಾಲೇಜಿನಲ್ಲಿ ಹಿಂದೂ ಕಾಯಿದೆ ಕಲಿಸುತ್ತಿದ್ದ ಪ್ರೊಫೆಸರರು ಕರೆಸಿದರು. ಮರಾಠಿಯವರು, ಮೃದು ಮಾತಿನವರು, ನನ್ನನ್ನು ವಕೀಲಬಾಯಿ ಎಂದು ಕರೆಯುತ್ತಿದ್ದ ಪುಣೆಯ ಏಕೈಕ ವ್ಯಕ್ತಿ.

"ವಕೀಲಬಾಯಿ, ಸದ್ಯ ನಿಮಗೆ ಬಿಡುವು ಇದೆಯೇ?"

"ಇದೆ ಸರ್."

"ಎಷ್ಟು?"

"ಪೂರ್ತಿ ಇದೆ ಸರ್."

ಅವರ ಯೋಜನೆ ಹೀಗಿತ್ತು. ಸುತ್ತಲಿನ ಇಲಾಖೆಗಳ, ಅಂದರೆ ಇಂಗ್ಲಿಷರ ಪ್ರಾಂತಗಳ, ಮತ್ತು ಸಂಸ್ಥಾನಗಳ ಕಾಯಿದೆ ಪಂಡಿತರು ಒಂದುಗೂಡಿ, ಒಂದೊಂದು ವಿಷಯದ ಮೇಲೆ ತಮ್ಮ ತಮ್ಮ ಕಡೆಯ ಕಾಯಿದೆ ಏನು ಹೇಳುತ್ತದೆಂದು ಬರೆದು ಕಳಿಸುವುದು. ಅದನ್ನೆಲ್ಲ ಒಂದೇ ತಖ್ತೆಯಲ್ಲಿ ಅಕ್ಕಪಕ್ಕ ಇಟ್ಟು ನೋಡುವುದು. ಆಮೇಲೆ ಎಲ್ಲರಿಗೂ ಒಪ್ಪಿಗೆಯಾಗುವಂಥ ಒಂದು ಕರಡು ಬರೆದು ಎಲ್ಲ ಸರಕಾರಗಳಿಗೂ ಕೊಡುವುದು. ಮೊದಲಿಗೆ ತೆಗೆದುಕೊಂಡ ವಿಷಯ ದತ್ತಕ.

ಆಗ ಪುಣೆಯಿಂದ ಧಾರವಾಡಕ್ಕೆ ರೈಲಿನಲ್ಲಿ ಹೋದರೆ ಕಿಟಕಿಯ ಹೊರಗೆ ಸರಕಾರ ಮೂರು ನಾಲ್ಕು ಸಲ ಬದಲಾಗುತ್ತಿತ್ತು. ಒಳಗೆ ಕೂತವರಿಗೆ ಗೊತ್ತಾಗುತ್ತಿರಲಿಲ್ಲ. ನಮ್ಮ ಮುಂಬಯಿ ಇಲಾಖೆಯಲ್ಲಿ ಮಕ್ಕಳಿಲ್ಲದ ವಿಧವೆ ಯಾರನ್ನೂ ಕೇಳದೆ ದತ್ತಕ ತೆಗೆದುಕೊಳ್ಳಬಹುದಿತ್ತು. ಮದರಾಸು ಇಲಾಖೆಯಲ್ಲಿ ಗಂಡ ಬದುಕಿದ್ದಾಗ ಹೇಳಿಹೋಗಿರಬೇಕು, ಇಲ್ಲವೇ ಗಂಡನ ಕಡೆಯವರು ಒಪ್ಪಬೇಕು. ಕೆಲವು ಸಂಸ್ಥಾನಗಳಲ್ಲಿ, ಇನಾಂ ಜಮೀನಿದ್ದವರು ದರಬಾರಿನ ಪರವಾನಗಿ ಇಲ್ಲದೆ ಮಗನನ್ನು ತೆಗೆದುಕೊಂಡರೆ ದರಬಾರಿನ ಪ್ರಕಾರ ಆ ಮಗ ಇರುತ್ತಿರಲಿಲ್ಲ.

ನಾನು ಮೂವತ್ತೊಂದು ಪ್ರಶ್ನೆಗಳ ಪಟ್ಟಿ ಟೈಪು ಮಾಡಿ ಎಲ್ಲ ಕಡೆ ಕಳಿಸಿದೆ. ಗ್ರಂಥಾಲಯದ ಗೋಡೆಗೆ, ಕಾಗದಕ್ಕೆ ಕಾಗದ ಅಂಟಿಸಿ ಮಾಡಿದ ದೊಡ್ಡ ತಖ್ತೆ ತೂಗುಹಾಕಿದೆವು. ಉತ್ತರ ಬಂದ ಹಾಗೆ ಏಣಿ ಹತ್ತಿ ತುಂಬುವುದು ನನ್ನ ಕೆಲಸ. ಒಂದು ಸಂಸ್ಥಾನದಿಂದ, ತಮ್ಮಲ್ಲಿ ಕಾಯಿದೆ ಅಂದರೆ ಮಹಾರಾಜರ ಇಚ್ಛೆ, ಅದನ್ನು ಇನ್ನೂ ಅಚ್ಚು ಹಾಕಿಸಿಲ್ಲ ಎಂದು ಉತ್ತರ ಬಂತು. ಇನ್ನೊಂದು ಕಡೆಯಿಂದ ಮೂವತ್ತೊಂದಕ್ಕೂ 'ವಿಚಾರದಲ್ಲಿದೆ' ಎಂದು ಬಂತು. ನಾನು ತಖ್ತೆಯ ಮೂವತ್ತೊಂದು ಮನೆಗಳಲ್ಲೂ ಹಾಗೇ ಬರೆದೆ.

ಹತ್ತೊಂಬತ್ತನೆಯ ಪ್ರಶ್ನೆ ಹೀಗಿತ್ತು: ದತ್ತಕ ಹೋಗುವವನು ತೆಗೆದುಕೊಳ್ಳುವ ತಾಯಿಗಿಂತ ವಯಸ್ಸಿನಲ್ಲಿ ದೊಡ್ಡವನಿರಬಹುದೇ? ಮುಂಬಯಿ ಇಲಾಖೆಯ ಉತ್ತರ 'ಇರಬಹುದು'. ನಮ್ಮಲ್ಲಿ ವಯಸ್ಸಿಗೆ ಕಟ್ಟುಪಾಡು ಇರಲಿಲ್ಲ. ಮದುವೆಯಾಗಿ ಮಕ್ಕಳಿದ್ದವನೂ ದತ್ತಕ ಹೋಗಬಹುದಿತ್ತು.

"ಇದು ಪುಸ್ತಕದ ಪ್ರಶ್ನೆ," ಎಂದರು ಪ್ರೊಫೆಸರರು. "ನಿಜವಾಗಿ ಯಾರೂ ಹಾಗೆ ಮಾಡುವುದಿಲ್ಲ."

ನಾನು ಏಣಿಯ ಮೇಲೆ ನಿಂತು ಆ ಮನೆ ತುಂಬಿದೆ. ನಮ್ಮ ಅತ್ತಿ ಹಾಗೆ ಮಾಡಿದ್ದರು.

ಅತ್ತಿ ಅಂದರೆ ನನ್ನ ತಂದೆಯ ತಂಗಿ. ಧಾರವಾಡ ಜಿಲ್ಲೆಯ ಅಂಚಿನ ಒಂದು ಹಳ್ಳಿಯಲ್ಲಿ ಇದ್ದರು. ಅವರಿಗೆ ಮೂವತ್ತೊಂಬತ್ತು ವಯಸ್ಸಾಗಿದ್ದಾಗ ಗಂಡ ತೀರಿಕೊಂಡರು, ಮಕ್ಕಳಿರಲಿಲ್ಲ. ಅಣ್ಣತಮ್ಮಂದಿರಲ್ಲಿ ವಾಟ್ನಿ ಆಗಿತ್ತು, ಪಾಲು ಬೇರೆ ಇತ್ತು. ಮೈದುನರು ತಮ್ಮ ತಮ್ಮ ಮಕ್ಕಳನ್ನು ದತ್ತಕ ಕೊಡಲಿಕ್ಕೆ ಮುಂದೆ ಬಂದರು. ಆದರೆ ಗಂಡ ಎಂಟು ತಿಂಗಳು ಹಾಸಿಗೆ ಹಿಡಿದಾಗ ಅವರಾರೂ ಬಂದಿರಲಿಲ್ಲ. ಬಂದವರು ಗಂಡನ ದೊಡ್ಡಪ್ಪನ ಮೊಮ್ಮಗ, ಅದೇ ಊರಿನ ಸಾಲಿಯ ಮಾಸ್ತರರು. ದಿನಾ ಸಂಜೆ ಸಾಲಿ ಬಿಟ್ಟ ಮೇಲೆ ಬಂದು ರೋಗಿಯ ಮೈ ಒರೆಸಿ, ಮಗ್ಗಲು ಬದಲಿಸಿ, ಪತ್ರಿಕೆ ಓದಿ ಹೇಳಿ ಹೋಗುತ್ತಿದ್ದರು. ಅತ್ತಿ ಎರಡು ವರ್ಷ ವಿಚಾರ ಮಾಡಿ, ಮಾಸ್ತರರನ್ನೇ ಮಗನನ್ನಾಗಿ ತೆಗೆದುಕೊಳ್ಳುತ್ತೇನೆ ಎಂದು ತಿಳಿಸಿದರು. ಆಗ ಅತ್ತಿಗೆ ನಲವತ್ತೊಂದು. ಮಾಸ್ತರರಿಗೆ ನಲವತ್ತನಾಲ್ಕು.

ಅನಾಥನನ್ನು ದತ್ತಕ ಕೊಡಲು ಬರುವುದಿಲ್ಲ, ಹೆತ್ತವರೇ ಕೊಡಬೇಕು. ಎಪ್ಪತ್ತು ದಾಟಿದ ಮಾಸ್ತರರ ತಾಯಿ ಕೋಲೂರಿಕೊಂಡು ಬಂದು ಮಗನ ಕೈ ಹಿಡಿದು ಕೊಟ್ಟರು. ತೊಡೆಯ ಮೇಲೆ ಕೂಡಿಸಿಕೊಳ್ಳುವ ಶಾಸ್ತ್ರ ಬಂದಾಗ ಮಾಸ್ತರರು ಮುಕ್ಕಾಲು ಭಾರವನ್ನು ಮಣೆಯ ಮೇಲೆ ಇಟ್ಟು, ಉಳಿದದ್ದನ್ನು ಅತ್ತಿಯ ತೊಡೆಯ ಮೇಲೆ ಇಟ್ಟು, ಮೀಸೆ ಸರಿಮಾಡಿಕೊಂಡು ಕೂತರು. ನಾನು ಅಲ್ಲೇ ಇದ್ದೆ. ಯಾರೂ ನಗಲಿಲ್ಲ, ನಗಬೇಕೆಂದವರು ಹೊರಗೆ ಹೋಗಿ ನಕ್ಕು ಬಂದರು. ಮಾಸ್ತರರ ಹೆಂಡತಿ ಗಂಡನ ಜೊತೆ ಹೊಸ ಮನೆತನಕ್ಕೆ ಬಂದರು. ಇಬ್ಬರು ಮಕ್ಕಳು ಮೊದಲೇ ಹುಟ್ಟಿದವರಾದ್ದರಿಂದ ಕಾಯಿದೆ ಪ್ರಕಾರ ಹಳೆಯ ಮನೆತನದಲ್ಲೇ ಉಳಿದರು. ಊಟಕ್ಕೆ ಮಾತ್ರ ಹೊಸ ಮನೆಗೆ ಬರುತ್ತಿದ್ದರು.

ತಖ್ತೆ ಅರ್ಧ ತುಂಬಿದ್ದಾಗ ಅತ್ತಿಯಿಂದ ಕಾಗದ ಬಂತು. ಮಾಸ್ತರರ ದುಂಡನೆಯ ಅಕ್ಷರ, ಅತ್ತಿಯ ಮಾತು. ಊರ ಬದಿಯ ಹಳ್ಳದ ಆಚೆ ದಂಡೆ ಒಂದು ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಅವರದೊಂದು ಇನಾಂ ಹೊಲ. ಅದನ್ನು ಮಗನ ಹೆಸರಿಗೆ ಮಾಡಿಸಲು ಹೋದರೆ ಅಲ್ಲಿನ ಕಚೇರಿಯವರು ಆಗುವುದಿಲ್ಲ ಅಂದಿದ್ದರು. ದರಬಾರಿನ ಪರವಾನಗಿ ಇಲ್ಲದ ದತ್ತಕ. ಅತ್ತಿಯ ನಂತರ ಹೊಲ ಸಂಸ್ಥಾನಕ್ಕೆ ಸೇರತಕ್ಕದ್ದು. 'ಹಳ್ಳದ ಈ ದಂಡಿಗೆ ಇವ ನನ್ನ ಮಗ, ಆ ದಂಡಿಗೆ ಅಲ್ಲ ಅಂತಾರ. ಇದು ಖರೇನೋ ಸುಳ್ಳೋ ತಿಳಿಸು. ನೀ ಇದನ್ನs ಓದೀದಿ.'

ಖರೆ ಎಂದು ನಾನು ಉತ್ತರ ಬರೆದೆ. ಬರೆದು, ಅತ್ತಿಯ ಕಾಗದವನ್ನು ಪ್ರೊಫೆಸರರಿಗೆ ತೋರಿಸಿದೆ. ಅವರು ಅದನ್ನು ಮರಾಠಿಯಲ್ಲಿ ಎರಡು ಸಲ ಹೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು. ಒಬ್ಬ ಮನುಷ್ಯನ ತೊಂದರೆ ಕೇಳಿ ಅಷ್ಟು ಸಂತೋಷಪಟ್ಟವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಡಿಸೆಂಬರ್ ರಜೆಯಲ್ಲಿ ಎಲ್ಲರೂ ಇಲ್ಲಿ ಕೂಡುತ್ತಿದ್ದೇವೆ. ನಿಮ್ಮ ಅತ್ತೆಯನ್ನು ಕರೆಸಿ. ಸಭೆ ಅವರ ಬಾಯಿಂದಲೇ ಕೇಳಲಿ."

ಆಗ ನಾನು ವಯಸ್ಸಿನ ವಿಷಯ ಹೇಳಿದೆ. ಪ್ರೊಫೆಸರರು ಗೋಡೆಯ ಮೇಲಿನ ಹತ್ತೊಂಬತ್ತನೆಯ ಮನೆ ನೋಡಿದರು.

"ಅದನ್ನು ಬಿಟ್ಟುಬಿಡಿ," ಎಂದರು ಕೊನೆಗೆ. "ಸುಳ್ಳು ಹೇಳಬೇಡಿ. ಆ ಮಾತು ಎತ್ತದಿದ್ದರಾಯಿತು. ಜನ ನಕ್ಕರೆ ಇಡೀ ಕರಡು ಮುಳುಗುತ್ತದೆ."

ಅತ್ತಿಯೂ ಮಾಸ್ತರರೂ ಸೈನಿಕರಿಂದ ತುಂಬಿದ ರೈಲಿನಲ್ಲಿ, ಬಹುಭಾಗ ನಿಂತುಕೊಂಡೇ ಬಂದರು. ನಾನು ಸದಾಶಿವ ಪೇಠೆಯ ಒಂದು ವಾಡೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮನೆಯ ಒಡತಿ ಬಾಗಿಲಲ್ಲಿ ನಿಂತು, ಹಾಸಿಗೆ ಸುತ್ತಿದ ಹೋಲ್ಡಾಲು ಹೊತ್ತುಕೊಂಡು ಬಂದ, ಕಿವಿಯ ಬದಿ ಬೆಳ್ಳಗಾದ ಮಾಸ್ತರರನ್ನು ನೋಡಿ, ಇವರು ಯಾರು ಎಂದು ಮರಾಠಿಯಲ್ಲಿ ಕೇಳಿದರು. "ಮುಲಗಾ," ಎಂದರು ಅತ್ತಿ; ಮಗ ಎನ್ನುವಷ್ಟು ಮರಾಠಿ ಅವರಿಗೆ ಬರುತ್ತಿತ್ತು. ಒಡತಿ ನನ್ನನ್ನು ಪಕ್ಕಕ್ಕೆ ಕರೆದು, ಪಾಪ, ಅವರಿಗೆ ಮರಾಠಿ ಬರುವುದಿಲ್ಲ, ಅಣ್ಣನಿಗೆ ಮುಲಗಾ ಅನ್ನುತ್ತಿದ್ದಾರೆ, ಕಲಿಸಿಕೊಡು ಎಂದರು. ನಾನು ವಿವರಿಸಿದೆ. ಆಮೇಲೆ ಅವರು ಮಾಸ್ತರರಿಗೆ ಚಹಾ ಕೊಡುವಾಗಲೆಲ್ಲ ಬಹಳ ಹೊತ್ತು ಮುಖ ನೋಡುತ್ತಿದ್ದರು.

ಸಭೆಯಲ್ಲಿ ಐವರಿದ್ದರು. ಅವರಲ್ಲಿ ಇಬ್ಬರ ವಿಷಯ ಇಲ್ಲಿ ಹೇಳಬೇಕು. ಒಬ್ಬರು ಅತ್ತಿಯ ಹೊಲವಿದ್ದ ಅದೇ ಸಂಸ್ಥಾನದ ಕಾಯಿದೆ ಅಧಿಕಾರಿ. ಮುಚ್ಚುಗೊರಳಿನ ಕೋಟು, ಪ್ರತಿ ಮಾತಿಗೂ ಮುಂಚೆ ಕೆಮ್ಮು. ಇನ್ನೊಬ್ಬರು ಮದರಾಸಿನಲ್ಲಿ ಕಾಯಿದೆ ಕಲಿಸುವವರು. ಸಭೆಯ ಮೊದಲ ಎರಡು ದಿನದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಒಂದು ಮಾತೂ ಆಡಿರಲಿಲ್ಲ.

ಮೊದಲ ದಿನ ತಖ್ತೆಯಲ್ಲಿ ಯಾವ ಸರಕಾರದ ಸಾಲು ಮೊದಲು ಬರಬೇಕು ಎಂಬ ಚರ್ಚೆಗೆ ಹೋಯಿತು. ಅಕ್ಷರಗಳ ಕ್ರಮ ಇಟ್ಟುಕೊಳ್ಳೋಣ ಎಂದಾಗ ಯಾವ ಭಾಷೆಯ ಅಕ್ಷರ ಎಂಬ ಪ್ರಶ್ನೆ ಬಂತು. ಎರಡನೆಯ ದಿನ 'ವಿಧವೆ' ಎಂಬ ಶಬ್ದದ ವ್ಯಾಖ್ಯೆ ಬರೆದರು. ಮೂರನೆಯ ದಿನ ಅತ್ತಿಯನ್ನು ಕರೆದರು.

ಅತ್ತಿ ಕುರ್ಚಿಯ ಅಂಚಿಗೆ ಕೂತರು. ಮಾಸ್ತರರು ಹಿಂದೆ ನಿಂತರು. ಕೂಡಲು ಹೇಳಿದರೂ ಅವ್ವನ ಹಿಂದೆ ನಿಲ್ಲುವುದೇ ರೂಢಿ ಎಂದರು. ಸಭೆಯವರು ಇಂಗ್ಲಿಷಿನಲ್ಲಿ ಕೇಳುವುದು, ನಾನು ಕನ್ನಡದಲ್ಲಿ ಹೇಳುವುದು, ಅತ್ತಿಯ ಉತ್ತರವನ್ನು ಇಂಗ್ಲಿಷಿಗೆ ತಿರುಗಿಸುವುದು.

"ದತ್ತಕ ತೆಗೆದುಕೊಳ್ಳುವಾಗ ಗಂಡನ ಅಣ್ಣತಮ್ಮಂದಿರ ಒಪ್ಪಿಗೆ ಕೇಳಿದಿರಾ?" ಮದರಾಸಿನವರ ಪ್ರಶ್ನೆ.

"ಇಲ್ರೀ. ಬ್ಯಾಡ ಅಂತಿದ್ರು. ಗೊತ್ತಿದ್ದದ್ದನ್ನ ಏನು ಕೇಳೂದು."

ಸಂಸ್ಥಾನದ ಅಧಿಕಾರಿ ಕೆಮ್ಮಿದರು. "ದರಬಾರಿಗೆ ಅರ್ಜಿ ಕೊಡಬೇಕೆಂದು ನಿಮಗೆ ಗೊತ್ತಿರಲಿಲ್ಲವೇ?"

"ಮನಿ ಇರೂದು ಈ ಕಡೆರೀ. ದತ್ತಕ ತೊಗೊಂಡಿದ್ದು ಮನ್ಯಾಗ. ಹೊಲದಾಗ ಅಲ್ಲ."

ಅದನ್ನು ಹಾಗೇ ಹೇಳಿದೆ. ನಮ್ಮ ಪ್ರೊಫೆಸರರು ಬರೆದುಕೊಂಡರು.

ಅಧಿಕಾರಿ ಮಾಸ್ತರರ ಕಡೆ ತಿರುಗಿದರು. "ನೀವು ಹೊಲಕ್ಕೆ ಹೋಗುತ್ತೀರಲ್ಲ, ಅಲ್ಲಿ ಇವರು ನಿಮಗೆ ಏನಾಗಬೇಕು?"

ಮಾಸ್ತರರು ವಿಚಾರ ಮಾಡಿದರು. "ಹಳ್ಳ ದಾಟಿದ ಮ್ಯಾಲೂ ಅವ್ವ ಅಂತನs ಕರೀತೀನ್ರೀ. ಇನ್ನಾ ಯಾರೂ ತಡದಿಲ್ಲ."

ಆಗ ಮದರಾಸಿನವರು ಕೇಳಿದರು. "ದತ್ತಕದ ಹೊತ್ತಿಗೆ ಅವರ ವಯಸ್ಸೆಷ್ಟು?"

ನಾನು ಕೇಳಿದೆ. "ಅವಗ ನಲವತ್ನಾಕು. ನನಗ ನಲವತ್ತೊಂದು," ಎಂದರು ಅತ್ತಿ, ಯಾರೂ ಕೇಳದ ತಮ್ಮ ವಯಸ್ಸನ್ನೂ ಸೇರಿಸಿ.

ನಾನು ಸಭೆಯ ಕಡೆ ತಿರುಗಿ, "ಅವರು ಪ್ರಾಪ್ತ ವಯಸ್ಕರಾಗಿದ್ದರು," ಎಂದೆ. ಅದು ಸುಳ್ಳಾಗಿರಲಿಲ್ಲ.

ಮದರಾಸಿನವರು ಪೆನ್ನು ಕೆಳಗಿಟ್ಟರು. ಮೆಲ್ಲಗೆ, ಇಂಗ್ಲಿಷಿನಲ್ಲೇ ಹೇಳಿದರು. "ಅವರಿಗೆ ನಲವತ್ತನಾಲ್ಕು, ಈ ತಾಯಿಗೆ ನಲವತ್ತೊಂದು ಎಂದು ಕೇಳಿಸಿತು. ದಾಖಲೆಯಲ್ಲಿ ಹಾಗೆ ಬರಲಿ." ಆಮೇಲೆ ನನ್ನ ಕಡೆ ನೋಡಿ, ಕನ್ನಡದಲ್ಲಿ: "ನಮ್ದು ಬಳ್ಳಾರೀನಮ್ಮ."

ಪ್ರೊಫೆಸರರು ಕಿಟಕಿಯ ಹೊರಗಿನ ಗುಡ್ಡ ನೋಡುತ್ತಿದ್ದರು. ಬಿಟ್ಟುಬಿಡಿ ಎಂದವರು ಅವರು. ಆದರೆ ಬಿಟ್ಟವಳು ನಾನು. ಸಭೆ ಊಟಕ್ಕೆ ಎದ್ದಿತು.

ಅತ್ತಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಏನೋ ಕೆಟ್ಟಿತೆಂದು ತಿಳಿಯದಷ್ಟು ದಡ್ಡರಲ್ಲ. ಸಂಜೆ ವಾಡೆಯ ಅಂಗಳದಲ್ಲಿ ಅಕ್ಕಿ ಆರಿಸುತ್ತ ಕೇಳಿದರು.

"ಆ ಬಳ್ಳಾರಿಯವ್ರು ಏನಂದ್ರು?"

ಹೇಳಿದೆ.

"ನೀ ಯಾಕ ವಯಸ್ಸು ಬಿಟ್ಟಿ?"

"ನಗತಾರಂತ, ಅತ್ತಿ."

"ಅದಕ್ಕs? ಊರಾಗ ಎಲ್ಲಾರೂ ನಕ್ಕು ಮುಗಿಸ್ಯಾರ. ಇನ್ನ ಐದು ಮಂದಿ ನಕ್ಕರ ಏನಾತು?" ಒಂದಷ್ಟು ಅಕ್ಕಿ ಆರಿಸಿದರು. "ನಾ ಅಲ್ಲಿ ನನಗಿಂತ ಸಣ್ಣವನ್ನ ತೊಗೊಂಡೀನಿ ಅನ್ನೂ ಹಂಗ ನೀ ಹೇಳಿದ್ರ, ಅದು ನನ್ನ ಸುದ್ದಿ ಅಲ್ಲ. ಬ್ಯಾರೆ ಯಾರದೋ ಸುದ್ದಿ. ಅವ್ರಿಗೆ ಹೊಲ ಸಿಕ್ಕರ ನನಗೇನು."

ಮಾಸ್ತರರು ಕಟ್ಟೆಯ ಮೇಲೆ ಕೂತು ಪತ್ರಿಕೆ ಓದುತ್ತಿದ್ದರು. ತಲೆ ಎತ್ತಲಿಲ್ಲ. "ತಂಗಿ, ಮನಸಿಗೆ ಹಚ್ಕೋಬ್ಯಾಡ," ಎಂದರು. "ಸಾಲ್ಯಾಗ ನನ್ನ ಹುಡುಗ್ರು ದಿನಾ ಇದs ಮಾಡತಾರ. ಉತ್ತರ ಗೊತ್ತಿರತದ, ಬರಿಯೂದಿಲ್ಲ."

ಮರುದಿನ ಮುಂಜಾನೆ ನಾನು ಬೇಗ ಹೋಗಿ, ಹಿಂದಿನ ದಿನದ ನಡಾವಳಿಯಲ್ಲಿ ನನ್ನ ಮಾತನ್ನು ಹೊಡೆದು ಹಾಕಿ, ಅತ್ತಿ ಹೇಳಿದ್ದನ್ನು ಹೇಳಿದ ಹಾಗೇ ಬರೆದು, ಕೆಳಗೆ ಸಹಿ ಹಾಕಿದೆ. ಪ್ರೊಫೆಸರರು ಬಂದು ನೋಡಿ, ನನ್ನ ಸಹಿಯ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಸಭೆ ಶುರುವಾದಾಗ, ಆ ತಪ್ಪು ತಮ್ಮ ಸೂಚನೆಯಿಂದ ಆಯಿತು ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದಿನ ವಿಷಯಕ್ಕೆ ಹೋದರು. ಮುಂದಿನ ವಿಷಯವೂ ಅದೇ ಆಗಿತ್ತು.

ಆ ದಿನವೆಲ್ಲ ವಾದ ನಡೆಯಿತು. ನಗಬಹುದೆಂದು ಹೆದರಿದ್ದೆವಲ್ಲ, ಯಾರೂ ನಗಲಿಲ್ಲ. ಅದಕ್ಕಿಂತ ಕಷ್ಟವಾಯಿತು, ಎಲ್ಲರೂ ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ಮಗನಾಗುವವನು ತಾಯಿಗಿಂತ ಇಂತಿಷ್ಟು ವರ್ಷ ಚಿಕ್ಕವನಿರಬೇಕು, ಇಲ್ಲದಿದ್ದರೆ ಅದು ದತ್ತಕವಲ್ಲ, ಚೇಷ್ಟೆ ಎಂದು ಒಬ್ಬರು. ಹಾಗಾದರೆ ಈಗಾಗಲೇ ಆಗಿಹೋದ ಮಕ್ಕಳನ್ನು ಏನು ಮಾಡುವುದು, ವಾಪಸು ಕಳಿಸುವುದೇ ಎಂದು ಬಳ್ಳಾರಿಯವರು. ನಿನ್ನೆ ವಯಸ್ಸನ್ನು ದಾಖಲೆಗೆ ತಂದವರೇ ಇವತ್ತು ಅತ್ತಿಯ ಪರ ನಿಂತದ್ದು ನೋಡಿ ನನಗೆ ಆಶ್ಚರ್ಯವಾಯಿತು. ಊಟದ ಹೊತ್ತಿನಲ್ಲಿ ಕೇಳಿದೆ.

"ಅವರು ಮಾಡಿದ್ದು ನನಗೆ ಒಪ್ಪಿಗೆ ಇಲ್ಲ," ಎಂದರು. "ಆದರೆ ಮಾಡಿಯಾಗಿದೆ. ಆತ ಅವ್ವ ಅಂತ ಕರೀತಾನೆ. ಕಾಯಿದೆ ಅದರ ಮೇಲೆ ಬಂದು ಕೂಡಬಾರದು."

ಸಂಜೆಗೆ ಏಳನೆಯ ಕಲಮು ಸಿದ್ಧವಾಯಿತು. ಇನ್ನು ಮುಂದೆ ತಾಯಿಗಿಂತ ದೊಡ್ಡವನನ್ನು ದತ್ತಕ ತೆಗೆದುಕೊಳ್ಳಕೂಡದು. ಆದರೆ ಈ ಮೊದಲು ಯಾವುದೇ ಒಂದು ಪ್ರಾಂತದಲ್ಲಿ ಆ ಪ್ರಾಂತದ ಕಾಯಿದೆಯಂತೆ ಆದ ದತ್ತಕವನ್ನು ಉಳಿದೆಲ್ಲ ಪ್ರಾಂತಗಳೂ ಮಾನ್ಯ ಮಾಡತಕ್ಕದ್ದು. ಅಂದರೆ ನಮ್ಮ ಅತ್ತಿ ಮಾಡಿದ ಕೆಲಸವನ್ನು ಇನ್ನು ಯಾರೂ ಮಾಡಬಾರದು, ಅತ್ತಿ ಮಾಡಿದ್ದು ಮಾತ್ರ ಸರಿ. ಸಂಸ್ಥಾನದ ಅಧಿಕಾರಿ ಕೆಮ್ಮಿ, ತಮ್ಮ ದರಬಾರಿಗೆ ತಿಳಿಸುವುದಾಗಿ ಹೇಳಿ, ಸಹಿ ಹಾಕಿದರು. ಹೋಗುವಾಗ ಮಾಸ್ತರರ ಹತ್ತಿರ ಆ ಹೊಲದ ಗುರುತಿನ ನಂಬರು ಬರೆಸಿಕೊಂಡರು.

ಕರಡು ಎಲ್ಲ ಸರಕಾರಗಳಿಗೂ ಹೋಯಿತು. ತಲುಪಿದೆ ಎಂದು ಎಲ್ಲರೂ ಉತ್ತರ ಬರೆದರು. ಇಬ್ಬರು ಮತ್ತೆ ಅದೇ ಮಾತನ್ನು ಇನ್ನೊಂದು ಸಲ ಬರೆದರು. ಯುದ್ಧದ ಕಾಲ, ಕಾಗದ ಸಿಗುತ್ತಿರಲಿಲ್ಲ. ವರದಿ ತೆಳ್ಳನೆಯ ಹಳದಿ ಕಾಗದದಲ್ಲಿ ಅಚ್ಚಾಯಿತು. ಅದರಲ್ಲಿ ಉದಾಹರಣೆಗಾಗಿ, 'ಎ' ಎಂಬ ವಿಧವೆ 'ಬಿ' ಎಂಬವನನ್ನು ದತ್ತಕ ತೆಗೆದುಕೊಳ್ಳುತ್ತಾಳೆ ಎಂದು ಇತ್ತು. ರಜೆಗೆ ಊರಿಗೆ ಹೋದಾಗ ಒಂದು ಪ್ರತಿ ಒಯ್ದೆ. ಅತ್ತಿ ತಾವು ಎಲ್ಲಿದ್ದೇವೆ ಎಂದು ಕೇಳಿ ಆ ಅಕ್ಷರದ ಮೇಲೆ ಬೆರಳಿಟ್ಟು ನೋಡಿದರು. ಮಾಸ್ತರರು ತಮ್ಮ ಅಕ್ಷರ ನೋಡಿ, ವಯಸ್ಸು ಹಾಕಿದ್ದಾರೆಯೇ ಎಂದು ಕೇಳಿದರು. ಹಾಕಿದ್ದರು. ಎರಡೂ ಸರಿಯಾಗಿದ್ದವು.

ಯಾವ ಸರಕಾರವೂ ಆ ಕರಡನ್ನು ಕಾಯಿದೆ ಮಾಡಲಿಲ್ಲ. ಆದರೆ ಮುಂದಿನ ಬೇಸಿಗೆಗೆ ಆ ಸಂಸ್ಥಾನದ ಕಚೇರಿಯಿಂದ ಅತ್ತಿಗೆ ಒಂದು ಹುಕುಂ ಬಂತು. ಎಲ್ಲ ಪ್ರಾಂತಗಳಿಗೂ ಏಕರೂಪದ ಕಾಯಿದೆ ಜಾರಿಗೆ ಬರುವವರೆಗೆ, ಸದರಿ ಹೊಲಕ್ಕೆ ಸಂಬಂಧಪಟ್ಟಷ್ಟರ ಮಟ್ಟಿಗೆ, ಸದರಿ ಮಗನನ್ನು ಮಗನೆಂದು ಪರಿಗಣಿಸಲಾಗಿದೆ. ಕೆಳಗೆ ಕೆಮ್ಮುವ ಅಧಿಕಾರಿಯ ಸಹಿ. ಐದು ಕಡೆಯ ಪಂಡಿತರು, ಮೂವತ್ತೊಂದು ಪ್ರಶ್ನೆ, ಗೋಡೆ ತುಂಬ ತಖ್ತೆ, ಇಷ್ಟೆಲ್ಲದರಿಂದ ಆದ ಕೆಲಸ ನನಗೆ ಗೊತ್ತಿದ್ದ ಮಟ್ಟಿಗೆ ಇದೊಂದೇ. ಪ್ರೊಫೆಸರರಿಗೆ ಹೇಳಿದಾಗ ಅವರು ಎದ್ದು ನಿಂತರು, ಮತ್ತೆ ಕೂತರು. ಒಂದಾದರೂ ಆಯಿತಲ್ಲ ಎಂದು ನಾನೆಂದೆ. ಒಂದು ಆಗುತ್ತದೆಂದು ತಾವು ಅಂದುಕೊಂಡಿರಲೇ ಇಲ್ಲ ಎಂದರು ಅವರು.

ಸ್ವಾತಂತ್ರ್ಯ ಬಂದ ವರ್ಷ ಅತ್ತಿಯಿಂದ ಇನ್ನೊಂದು ಕಾಗದ ಬಂತು, ಅದೇ ದುಂಡನೆಯ ಅಕ್ಷರದಲ್ಲಿ. ಸಂಸ್ಥಾನಗಳೆಲ್ಲ ಹೋಗುತ್ತವಂತೆ, ಎಲ್ಲರಿಗೂ ಒಂದೇ ಕಾಯಿದೆ ಬರುತ್ತದಂತೆ ಎಂದು ಸಾಲಿಯಲ್ಲಿ ಮಾತಾಡುತ್ತಿದ್ದಾರೆ. ಹುಕುಮಿನಲ್ಲಿ 'ಏಕರೂಪದ ಕಾಯಿದೆ ಬರುವವರೆಗೆ' ಎಂದಿದೆ. ಬಂದ ದಿನ ಮಗ ಮತ್ತೆ ಮಗನಲ್ಲದೆ ಹೋಗುತ್ತಾನೆಯೇ? ಆ ಕಾಯಿದೆ ಯಾವಾಗ ಬರುತ್ತದೆ?

ಸದ್ಯಕ್ಕೆ ಬರುವ ಲಕ್ಷಣ ಇಲ್ಲ ಎಂದು ಬರೆದೆ.

ವಾರದಲ್ಲಿ ಉತ್ತರ ಬಂತು. 'ಹಂಗಾದ್ರ ಅವ್ರಿಗೆ ಸಾವಕಾಶ ಮಾಡ್ರಿ ಅಂತ ಹೇಳು. ನಮಗೇನೂ ಗಡಿಬಿಡಿ ಇಲ್ಲ.'

ಪ್ರೊಫೆಸರರಿಗೆ ಹೇಳಿದೆ. ಅವರು ತಲೆಯಾಡಿಸಿ, ಅಷ್ಟು ನಮ್ಮಿಂದ ಆಗುತ್ತದೆ ಎಂದರು.